ಕೂಲಿಯ ವೇಷದಲ್ಲಿ ಕಡಲು ದಾಟಿದ ಗೋವಾದ ಸಂತ: ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜ್ ಅವರ ಹಬ್ಬ. ನಾವು ಬಾಳುತ್ತಿರುವ ಗೋವಾ ಮತ್ತು ದಮನ್ ಮಹಾಧರ್ಮಪ್ರಾಂತ್ಯದ ಪಾಲಕ ಸಂತರು ಇವರೇ. ಆದರೂ ಕನ್ನಡ ಪೂಜೆಗೆ ಬರುವ ನಮ್ಮ ಯುವಜನರಲ್ಲಿ ಹೆಚ್ಚಿನವರಿಗೆ ಇವರ ಹೆಸರು ಗೊತ್ತು, ಬದುಕು ಗೊತ್ತಿಲ್ಲ. ಅವರು ಗೋವಾದವರ ಸಂತರು, ಘಟ್ಟದ ಮೇಲಿನಿಂದ ದುಡಿಯಲು ಬಂದ ನಮಗೂ ಅವರಿಗೂ ಏನು ಸಂಬಂಧ ಎಂಬ ಭಾವನೆ ಅನೇಕರಲ್ಲಿದೆ. ಸಂಬಂಧ ಇದೆ. ಅವರು ಸೇವೆ ಮಾಡಿದ ಮೊದಲ ದೂರದ ನಾಡು ನಮ್ಮ ಕರಾವಳಿ. ಅವರು ಕೊನೆಯುಸಿರೆಳೆದದ್ದು ಹುಟ್ಟೂರಿನಲ್ಲಲ್ಲ, ಪರದೇಶದಲ್ಲಿ. ಆ ಪರದೇಶಕ್ಕೆ ಅವರು ಹೋದದ್ದು ಒಬ್ಬ ಕೂಲಿಯಾಳಿನ ವೇಷದಲ್ಲಿ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಸಾಲ್ಸೆಟ್ ತಾಲೂಕಿನ ಬಾಣಾವಲಿಯಲ್ಲಿ. ಅದು ತಾಯಿ ಮರಿಯಾ ದಿ ಮಿರಾಂದಾ ಅವರ ಊರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು. ಬಾಣಾವಲಿಯ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ಮನೆತನ ಬ್ರಾಹ್ಮಣ ಮೂಲದ್ದು, ಮನೆಮಾತು ಕೊಂಕಣಿ. ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತು, ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ಡೊಮಿನಿಕನ್ ಗುರುಗಳ ಕಾಲೇಜಿನಲ್ಲಿಯೂ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆಯಾದ ಮೇಲೆ ಪಾದರಕ್ಷೆ ಬಿಟ್ಟು ಬಡವರಂತೆ ಬರಿಗಾಲಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಮಕ್ಕಳಿಗೆ ಲ್ಯಾಟಿನ್ ಶಾಲೆ ತೆರೆದರು.

ಬಾಗಿಲು ಮುಚ್ಚಿದ ಕಾಲ

ಅವರು ಗುರುವಾದ ಕಾಲದ ಗೋವಾವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಆಳುವವರು ಪೋರ್ಚುಗೀಸರು. ಧರ್ಮಸಭೆಯೊಳಗೂ ಬಿಳಿಯರದ್ದೇ ಮೇಲುಗೈ. ಫ್ರಾನ್ಸಿಸ್ಕನ್, ಡೊಮಿನಿಕನ್, ಯೇಸುಸಭೆ ಮುಂತಾದ ಯುರೋಪಿನ ಸಭೆಗಳು ಗೋವಾದ ಮಕ್ಕಳಿಗೆ ವಿದ್ಯೆ ಕಲಿಸುತ್ತಿದ್ದವು, ಆದರೆ ಅವರನ್ನು ತಮ್ಮ ಸಭೆಯ ಸದಸ್ಯರನ್ನಾಗಿ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಈ ನೆಲದಲ್ಲಿ ಹುಟ್ಟಿದವನು ಎಷ್ಟು ಓದಿದರೂ ಯುರೋಪಿನವನ ಸಹಾಯಕನಾಗಿಯೇ ಇರಬೇಕೆಂಬುದು ಅಂದಿನ ರೂಢಿ.

ದಿವಾಡಿ ದ್ವೀಪದ ಮಾತೆವುಸ್ ದಿ ಕಾಸ್ತ್ರೊ ಅವರ ಕಥೆ ಇದಕ್ಕೆ ಸಾಕ್ಷಿ. ಗೋವಾದಲ್ಲಿ ಅವರಿಗೆ ಗುರುದೀಕ್ಷೆಯ ದಾರಿ ಮುಚ್ಚಿತು. ಅವರು ದೂರದ ರೋಮಿಗೆ ಹೋಗಿ ಅಲ್ಲಿ ಓದಿ ಗುರುವಾದರು. 1637ರಲ್ಲಿ ಬಿಷಪರೂ ಆದರು. ಆದರೂ ಮರಳಿ ಬಂದಾಗ ಗೋವಾದ ಅಧಿಕಾರಿಗಳು ಅವರನ್ನು ಸ್ವೀಕರಿಸಲಿಲ್ಲ. ಅವರ ಬದುಕಿನ ಬಹುಭಾಗ ಈ ಹೋರಾಟದಲ್ಲೇ ಕಳೆಯಿತು.

ಅದೇ ಗೋವಾ ನಗರದ ದೊಡ್ಡ ಬೀದಿಯಲ್ಲಿ, ರುವಾ ದಿರೇತಾ ಎಂಬಲ್ಲಿ, ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಆಫ್ರಿಕಾದಿಂದ ಹಡಗಿನಲ್ಲಿ ತಂದ ಕಪ್ಪು ಜನ ಅಲ್ಲಿ ಗುಲಾಮರಾಗಿ ಮಾರಾಟವಾಗುತ್ತಿದ್ದರು. ಅಂದಿನ ಯುರೋಪಿನ ಪ್ರವಾಸಿಗಳು ಇದನ್ನು ಕಂಡು ಬರೆದಿಟ್ಟಿದ್ದಾರೆ. ಇಂಥ ಊರಿನಲ್ಲಿ, 1677ರ ಆಗಸ್ಟ್ 5ರಂದು, ಯುವಗುರು ಜೋಸೆಫ್ ವಾಜ್ ಒಂದು ಪತ್ರ ಬರೆದು ಸಹಿ ಹಾಕಿದರು. ಅದರಲ್ಲಿ ತಾವು ದೇವಮಾತೆ ಮರಿಯಮ್ಮನವರ ಗುಲಾಮರೆಂದು ತಮ್ಮನ್ನೇ ಒಪ್ಪಿಸಿಕೊಂಡರು. ಗುಲಾಮ ಎಂಬ ಪದ ಅಂದು ಅಲಂಕಾರದ ಮಾತಾಗಿರಲಿಲ್ಲ. ಸಂತೆಯಲ್ಲಿ ಬೆಲೆ ಕಟ್ಟಿಸಿಕೊಂಡು ನಿಂತವನ ಹೆಸರು ಅದು. ಮೇಲ್ಜಾತಿಯ ಮನೆಯಲ್ಲಿ ಹುಟ್ಟಿದ, ಓದಿದ ಒಬ್ಬ ಗುರು ಆ ಹೆಸರನ್ನು ಬೇಕೆಂದೇ ತೆಗೆದುಕೊಂಡರು. ಮುಂದಿನ ಅವರ ಬದುಕನ್ನು ನೋಡಿದರೆ ಆ ಪತ್ರವನ್ನು ಅಕ್ಷರಶಃ ನಡೆಸಿದರೆಂದೇ ಹೇಳಬೇಕು.

ಸಾಂಕ್ವಾಳದ ಆರೋಗ್ಯಮಾತೆಯ ದೇವಾಲಯ 1834ರಲ್ಲಿ ಬೆಂಕಿಗೆ ಆಹುತಿಯಾಯಿತು. ಎದುರಿನ ಗೋಡೆ ಮಾತ್ರ ಇಂದಿಗೂ ನಿಂತಿದೆ. ಅಲ್ಲಿಗೆ ಹತ್ತಿರವಿರುವುದೇ ಜುವಾರಿ ನಗರ. ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಕನ್ನಡ ಕುಟುಂಬಗಳು ಮನೆ ಮಾಡಿಕೊಂಡಿರುವ ಜಾಗ. ಬರಿಗಾಲಿನ ಆ ಗುರು ಓಡಾಡಿದ ಊರಿನಲ್ಲೇ ಇಂದು ಕನ್ನಡ ಕೇಳಿಸುತ್ತದೆ.

ನಮ್ಮ ಕರಾವಳಿಯಲ್ಲಿ ಮೂರು ವರ್ಷ

1681ರಲ್ಲಿ ಗೋವಾದವರು ವಾಜರನ್ನು ಕೆನರಾ ಪ್ರಾಂತ್ಯಕ್ಕೆ ಮುಖ್ಯ ಗುರುವಾಗಿ ಕಳಿಸಿದರು. ಅಂದು ಆ ನಾಡು ಕೆಳದಿ ಅರಸರದ್ದು, ರಾಣಿ ಚೆನ್ನಮ್ಮ ಆಳುತ್ತಿದ್ದ ಕಾಲ. ಮಂಗಳೂರು, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಇವೆಲ್ಲ ಅವರು ಕಾಲ್ನಡಿಗೆಯಲ್ಲಿ ಸುತ್ತಿದ ಊರುಗಳು.

ಅಲ್ಲಿದ್ದ ಕ್ರೈಸ್ತರು ಯಾರು? ಹೆಚ್ಚಿನವರು ಗೋವಾದಿಂದ ವಲಸೆ ಹೋದವರು. ಬರಗಾಲ, ತೆರಿಗೆ, ಯುದ್ಧ, 1560ರಲ್ಲಿ ಗೋವಾಕ್ಕೆ ಬಂದ ಧಾರ್ಮಿಕ ವಿಚಾರಣಾ ನ್ಯಾಯಾಲಯದ ಭಯ, ಹೀಗೆ ನಾನಾ ಕಾರಣಕ್ಕೆ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ನಡೆದವರು. ಕನ್ನಡದ ಅರಸರ ನೆಲದಲ್ಲಿ ಅವರಿಗೆ ಗದ್ದೆ ಸಿಕ್ಕಿತು, ನೆಲೆ ಸಿಕ್ಕಿತು. ಅವರ ಮಕ್ಕಳ ಮಕ್ಕಳು ಕೊಂಕಣಿಯನ್ನು ಇಂದಿಗೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಅಂದು ಗೋವಾದವರು ನಮ್ಮ ನಾಡಿಗೆ ಹೊರಗಿನವರಾಗಿ ಬಂದರು, ಇಂದು ನಾವು ಅವರ ನಾಡಿಗೆ ಬಂದಿದ್ದೇವೆ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಲೆಕ್ಕ ಮುನ್ನೂರು ವರ್ಷದಲ್ಲಿ ಹೀಗೆ ತಿರುಗಿದೆ.

ಕೆನರಾದಲ್ಲಿ ವಾಜರಿಗೆ ಎದುರಾದದ್ದು ಧರ್ಮಸಭೆಯ ಒಳಜಗಳ. ಪೂರ್ವದೇಶಗಳ ಧರ್ಮಸಭೆಯ ಮೇಲ್ವಿಚಾರಣೆಯ ಹಕ್ಕು ಪೋರ್ಚುಗಲ್ ರಾಜನದು. ಅದಕ್ಕೆ ಪದ್ರುವಾದೊ ಎಂದು ಹೆಸರು. ಇತ್ತ ರೋಮಿನಲ್ಲಿ 1622ರಲ್ಲಿ ಆರಂಭವಾದ ಧರ್ಮಪ್ರಚಾರ ಸಂಸ್ಥೆ ತಾನೇ ನೇರವಾಗಿ ಬಿಷಪರನ್ನು ಕಳಿಸತೊಡಗಿತ್ತು. ಹಾಗೆ ರೋಮಿನ ನೇಮಕದಿಂದ ಕೆನರಾಕ್ಕೆ ಬಂದಿದ್ದವರು ತೊಮಾಸ್ ದಿ ಕಾಸ್ತ್ರೊ. ಮೇಲೆ ಹೇಳಿದ ಮಾತೆವುಸ್ ದಿ ಕಾಸ್ತ್ರೊ ಅವರ ಬಂಧು, ಗೋವಾದವರೇ. ಗೋವಾದ ಪೀಠ ಅವರನ್ನು ಒಪ್ಪಲಿಲ್ಲ. ಜನ ಎರಡು ಪಕ್ಷವಾದರು. ಯಾರು ಕೊಟ್ಟ ಪರಮಪ್ರಸಾದ ಸರಿ, ಯಾರ ಬಳಿ ಮಾಡಿದ ಪಾಪನಿವೇದನೆ ಸರಿ ಎಂಬ ಅನುಮಾನ ಸಾಮಾನ್ಯ ಭಕ್ತರನ್ನು ಕಾಡುತ್ತಿತ್ತು.

ವಾಜರು ಒಂದು ಪಕ್ಷದಿಂದ ಬಂದವರು. ಹಾಗಿದ್ದೂ ಅವರು ಇನ್ನೊಂದು ಪಕ್ಷದ ಬಿಷಪರನ್ನು ಗೌರವದಿಂದ ಕಂಡರು. ಜಗಳ ಬೀದಿಗೆ ಬೀಳದಂತೆ, ಭಕ್ತರ ಮನಸ್ಸು ಒಡೆಯದಂತೆ ನಡೆದುಕೊಂಡರು. ಅಧಿಕಾರದ ಪ್ರಶ್ನೆ ಕೂಡಲೇ ಬಗೆಹರಿಯಲಿಲ್ಲ. ಅಷ್ಟರಲ್ಲಿ ಅವರು ಊರೂರು ತಿರುಗಿ ಚಿಕ್ಕ ಶಾಲೆಗಳನ್ನು ತೆರೆದರು, ಬಿದ್ದುಹೋದ ಪ್ರಾರ್ಥನಾ ಕೂಟಗಳನ್ನು ಎತ್ತಿ ನಿಲ್ಲಿಸಿದರು, ರೋಗಿಗಳ ಮನೆಗೆ ಹೋದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಒರತೆ ಹುಟ್ಟಿತೆಂಬ ನಂಬಿಕೆ ಇದೆ. ಅಲ್ಲಿಗೆ ಇಂದಿಗೂ ಎಲ್ಲ ಧರ್ಮದ ಜನ ಯಾತ್ರೆ ಹೋಗುತ್ತಾರೆ.

ನಮ್ಮವರದೇ ಒಂದು ಮನೆ

1684ರಲ್ಲಿ ವಾಜರು ಗೋವಾಕ್ಕೆ ಮರಳಿದರು. ಹಳೆ ಗೋವಾದ ಗುಡ್ಡದ ಮೇಲೆ ಪವಾಡ ಶಿಲುಬೆಯ ದೇವಾಲಯದಲ್ಲಿ ಕೆಲವು ಸ್ಥಳೀಯ ಗುರುಗಳು ಒಟ್ಟಿಗೆ ಬಾಳುತ್ತಿದ್ದರು. ಯಾವ ಯುರೋಪಿನ ಸಭೆಯೂ ಸೇರಿಸಿಕೊಳ್ಳದ ಗುರುಗಳಿಗೆ ಇಂಥದೊಂದು ಮನೆ ಬೇಕಾಗಿತ್ತು. ವಾಜರು ಅವರನ್ನು ಸೇರಿದರು, ಅವರ ಹಿರಿಯರಾಗಿ ಆಯ್ಕೆಯಾದರು. 1685ರಲ್ಲಿ ಈ ಕೂಟಕ್ಕೆ ಸಂತ ಫಿಲಿಪ್ ನೇರಿಯವರ ಒರೇಟರಿಯ ಮಾದರಿಯಲ್ಲಿ ಒಂದು ರೂಪ ಬಂತು. ಭಾರತೀಯ ಗುರುಗಳೇ ಕಟ್ಟಿ ನಡೆಸಿದ ಇಂಥ ಧರ್ಮಸಂಸ್ಥೆ ಗೋವಾದಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಮುಚ್ಚಿದ ಬಾಗಿಲನ್ನು ಗುದ್ದುತ್ತ ಕೂರದೆ ಅವರು ಬೇರೊಂದು ಮನೆ ಕಟ್ಟಿದರು. ಮನೆ ಕಟ್ಟಿಕೊಂಡವರು ಯುರೋಪಿನ ಗುರುಗಳನ್ನು ದ್ವೇಷಿಸಲೂ ಇಲ್ಲ.

ಆದರೆ ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಒರೇಟರಿಯ ಮನೆ ಬ್ರಾಹ್ಮಣ ಮೂಲದ ಗುರುಗಳ ಮನೆಯಾಗಿತ್ತು. ಗೋವಾದ ಕ್ರೈಸ್ತರಲ್ಲಿ ಬಾಮೊಣ್, ಚಾರ್ಡೊ, ಸುದಿರ್ ಎಂಬ ಭೇದ ಜ್ಞಾನಸ್ನಾನದ ನೀರಿನಲ್ಲಿ ಕರಗಿರಲಿಲ್ಲ. ಬೇರೆ ಜಾತಿಯಿಂದ ಬಂದವರಿಗೆ ಆ ಮನೆಯ ಬಾಗಿಲು ತೆರೆಯಲಿಲ್ಲ. ಚರ್ಮದ ಬಣ್ಣದ ಕಾರಣಕ್ಕೆ ಹೊರಗೆ ನಿಂತವರು ಹುಟ್ಟಿನ ಕಾರಣಕ್ಕೆ ಬೇರೆಯವರನ್ನು ಹೊರಗೆ ನಿಲ್ಲಿಸಿದರು. ಸಂತರ ಕಥೆ ಹೇಳುವಾಗ ಈ ಭಾಗವನ್ನು ದಾಟಿ ಹೋಗುವುದು ಸುಲಭ. ದಾಟಿ ಹೋದರೆ ಮುಂದೆ ನಡೆದದ್ದರ ಬೆಲೆ ನಮಗೆ ತಿಳಿಯುವುದಿಲ್ಲ. ವಾಜರು ಆ ಮನೆಯ ಹಿರಿಯರಾಗಿಯೇ ಉಳಿಯಬಹುದಿತ್ತು. ಉಳಿಯಲಿಲ್ಲ.

ಕೂಲಿಯ ವೇಷ

ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕೆಯಲ್ಲಿ, ಕಥೋಲಿಕರಿಗೆ ಗುರುಗಳೇ ಇಲ್ಲ ಎಂಬ ಸುದ್ದಿ ಅವರಿಗೆ ಬಹಳ ಹಿಂದೆಯೇ ತಲುಪಿತ್ತು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ಕೈಸೇರಿದ್ದವು. ಡಚ್ಚರೂ ಕ್ರೈಸ್ತರೇ, ಆದರೆ ಪ್ರಾಟೆಸ್ಟಂಟ್ ಪಂಥದವರು. ಅವರು ಕಥೋಲಿಕ ಗುರುಗಳನ್ನು ಹೊರಗಟ್ಟಿದರು, ಬಲಿಪೂಜೆಯನ್ನು ನಿಷೇಧಿಸಿದರು. ಸುಮಾರು ಮೂವತ್ತು ವರ್ಷ ಅಲ್ಲಿನ ಭಕ್ತರು ಗುರುಗಳಿಲ್ಲದೆ ಬಾಳಿದ್ದರು.

1686ರಲ್ಲಿ ವಾಜರು ಗೋವಾ ಬಿಟ್ಟು ಹೊರಟರು. ಕೊನೆಯವರೆಗೆ ಜೊತೆಗುಳಿದು ಕಡಲು ದಾಟಿದವರು ಒಬ್ಬರೇ, ಅವರ ಮನೆಯ ಸೇವಕ ಜುವಾಂವ್. ತೂತ್ತುಕುಡಿಯಿಂದ ಕೂಲಿಯಾಳುಗಳ ಹಾಗೆ ಬಟ್ಟೆ ತೊಟ್ಟು ಇಬ್ಬರೂ ದೋಣಿ ಹತ್ತಿದರು. 1687ರಲ್ಲಿ ಜಾಫ್ನಾ ತಲುಪುವ ಹೊತ್ತಿಗೆ ಹಸಿವು, ಆಯಾಸ, ರಕ್ತಭೇದಿಯಿಂದ ವಾಜರು ಸಾಯುವ ಸ್ಥಿತಿಯಲ್ಲಿದ್ದರು. ಗುರುತಿಲ್ಲದ ಊರು, ತಿಳಿಯದ ಭಾಷೆ. ಸ್ಥಳೀಯ ಹೆಂಗಸೊಬ್ಬರು ಗಂಜಿ ತಂದುಕೊಟ್ಟು ಅವರನ್ನು ಬದುಕಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆ ತಾಯಿಗೆ ಅವರು ಗುರುವೆಂದೂ ಗೊತ್ತಿರಲಿಲ್ಲ, ಗೋವಾದವರೆಂದೂ ಗೊತ್ತಿರಲಿಲ್ಲ. ಯಾರೋ ಪರದೇಶಿ, ಹಸಿದಿದ್ದಾನೆ ಎಂಬುದಷ್ಟೇ ಗೊತ್ತಿತ್ತು.

ಒಡೆಯ ಮತ್ತು ಸೇವಕ ಒಂದೇ ವೇಷದಲ್ಲಿ ಒಂದೇ ಭಿಕ್ಷೆಯನ್ನು ಹಂಚಿಕೊಂಡು ತಿಂದರು. ಹಳೆ ಗೋವಾದ ಗುಡ್ಡದ ಮೇಲೆ ಆಗದಿದ್ದದ್ದು ಈ ದಾರಿಯಲ್ಲಿ ಆಯಿತು. ಜುವಾಂವ್ ಇಲ್ಲದೆ ವಾಜರು ಅಷ್ಟು ದೂರ ಹೋಗುತ್ತಿರಲಿಲ್ಲ. ಹಬ್ಬದ ದಿನ ಅವರನ್ನೂ ನಾವು ನೆನೆಯಬೇಕು.

ಚೇತರಿಸಿಕೊಂಡ ವಾಜರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಕಣ್ಣು ಅರಳುತ್ತದೋ ಅವರು ಕಥೋಲಿಕರೆಂದು ತಿಳಿದರು. ತಮಿಳು ಕಲಿತರು. ರಾತ್ರಿ ಹೊತ್ತು ಮನೆಗಳಲ್ಲಿ ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. 1689ರ ಕ್ರಿಸ್ಮಸ್ ಹಿಂದಿನ ರಾತ್ರಿ ಡಚ್ ಸೈನಿಕರು ದಾಳಿ ಮಾಡಿ ಪೂಜೆಗೆ ಸೇರಿದ್ದ ಜನರನ್ನು ಬಂಧಿಸಿದರು. ವಾಜರು ತಪ್ಪಿಸಿಕೊಂಡರು.

ಬೌದ್ಧ ಅರಸನ ನೆರಳಿನಲ್ಲಿ

ಜಾಫ್ನಾದಿಂದ ಪುತ್ತಳಂಗೆ, ಅಲ್ಲಿಂದ 1692ರಲ್ಲಿ ಗುಡ್ಡಗಾಡಿನ ಕ್ಯಾಂಡಿ ರಾಜ್ಯಕ್ಕೆ ಅವರು ಹೋದರು. ಅಲ್ಲಿ ಅರಸ ಎರಡನೆಯ ವಿಮಲಧರ್ಮಸೂರ್ಯ, ಬೌದ್ಧ. ಆಸ್ಥಾನದಲ್ಲಿದ್ದ ಪ್ರಾಟೆಸ್ಟಂಟ್ ಫ್ರೆಂಚನೊಬ್ಬ ಈತ ಪೋರ್ಚುಗೀಸರ ಗೂಢಚಾರ ಎಂದು ದೂರು ಕೊಟ್ಟಿದ್ದರಿಂದ ವಾಜರು ಸೆರೆಮನೆ ಸೇರಿದರು. ಅನುಮಾನಕ್ಕೆ ಕಾರಣವೂ ಇತ್ತು. ಪೋರ್ಚುಗೀಸರು ಆ ದ್ವೀಪದಲ್ಲಿ ದೇವಸ್ಥಾನಗಳನ್ನು ಕೆಡವಿದ್ದರು, ಯುದ್ಧ ಮಾಡಿದ್ದರು. ಶಿಲುಬೆ ಎಂದರೆ ಫಿರಂಗಿಯ ಜೊತೆ ಬರುವ ವಸ್ತು ಎಂದು ಸಿಂಹಳೀಯರು ತಿಳಿದಿದ್ದರೆ ತಪ್ಪಲ್ಲ.

ಸೆರೆಯಲ್ಲಿ ವಾಜರು ಸಿಂಹಳ ಭಾಷೆ ಕಲಿತರು. ಒಂದು ಗುಡಿಸಲನ್ನು ಪ್ರಾರ್ಥನಾಲಯ ಮಾಡಿಕೊಂಡರು. ಅವರ ಹಿಂದೆ ಸೈನ್ಯವಿಲ್ಲ, ವ್ಯಾಪಾರವಿಲ್ಲ, ಬೇಕೆಂಬ ಆಸೆಯೂ ಇಲ್ಲ ಎಂಬುದು ನಿಧಾನವಾಗಿ ಅರಸನಿಗೆ ತಿಳಿಯಿತು. ಬರಗಾಲ ಬಂದಾಗ ಅರಸನ ಕೋರಿಕೆಯಂತೆ ಅವರು ಬಯಲಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದರು, ಮಳೆ ಬಂತು, ಅವರು ಮಂಡಿಯೂರಿದ್ದ ಜಾಗ ಮಾತ್ರ ಒದ್ದೆಯಾಗಲಿಲ್ಲ ಎಂಬುದು ಪರಂಪರೆಯ ಮಾತು. ಆ ಬಳಿಕ ರಾಜ್ಯದಲ್ಲಿ ಓಡಾಡಲು ಅವರಿಗೆ ಸ್ವಾತಂತ್ರ್ಯ ಸಿಕ್ಕಿತು. ಅವರನ್ನು ಅಟ್ಟಿಸಿಕೊಂಡು ಬಂದವರು ಕ್ರೈಸ್ತರು, ಆಸರೆ ಕೊಟ್ಟವನು ಬೌದ್ಧ. ಬೇರೆ ಧರ್ಮದ ನೆರೆಯವರ ನಡುವೆ ಬಾಳುವ ನಾವು ಇದನ್ನು ಮರೆಯಬಾರದು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಎಡ್ವರ್ಡ್ ಜೆನ್ನರ್ ಸಿಡುಬಿಗೆ ಲಸಿಕೆ ಹಾಕಿದ್ದು 1796ರಲ್ಲಿ, ಅಂದರೆ ಇನ್ನೂ ನೂರು ವರ್ಷ ಬೇಕಿತ್ತು. ಔಷಧಿಯಿಲ್ಲ, ಮುಟ್ಟಿದರೆ ಅಂಟುವ ರೋಗ. ಅರಸ ಊರು ಬಿಟ್ಟ, ಸಿರಿವಂತರು ಊರು ಬಿಟ್ಟರು, ಮನೆಯವರು ರೋಗಿಗಳನ್ನು ಕಾಡಿನ ಅಂಚಿನಲ್ಲಿ ಬಿಟ್ಟು ಹೋದರು. ಗೋವಾದಿಂದ ಅಷ್ಟರಲ್ಲಿ ಬಂದಿದ್ದ ಸಂಬಂಧಿ ಫಾದರ್ ಜೋಸೆಫ್ ಕಾರ್ವಾಲ್ಯೊ ಅವರೊಡನೆ ವಾಜರು ಊರಲ್ಲೇ ಉಳಿದರು. ಗುಡಿಸಲು ಕಟ್ಟಿ ರೋಗಿಗಳನ್ನು ಮಲಗಿಸಿದರು, ಗಂಜಿ ಕಾಯಿಸಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಸಿಂಹಳೀಯನೋ ತಮಿಳನೋ, ಬೌದ್ಧನೋ ಕ್ರೈಸ್ತನೋ ಎಂದು ನೋಡಲಿಲ್ಲ. ಜಾಫ್ನಾದಲ್ಲಿ ತಮಗೆ ಸಿಕ್ಕ ಗಂಜಿಯನ್ನು ಕ್ಯಾಂಡಿಯಲ್ಲಿ ಹಂಚಿದರು.

ಬಿಷಪ್ ಪದವಿಯ ಮಾತು ಬಂದಾಗ ಅವರು ಒಲ್ಲೆ ಎಂದರು. 1705ರಲ್ಲಿ ದಿವಾಡಿಯ ಫಾದರ್ ಜಾಕೊಮೆ ಗೊನ್ಸಾಲ್ವಿಸ್ ಬಂದರು. ಸಿಂಹಳದಲ್ಲಿ ಮತ್ತು ತಮಿಳಿನಲ್ಲಿ ಎಷ್ಟೋ ಪುಸ್ತಕ ಬರೆದ ಅವರನ್ನು ಸಿಂಹಳ ಕಥೋಲಿಕ ಸಾಹಿತ್ಯದ ಜನಕರೆಂದು ಇಂದು ಗೌರವಿಸುತ್ತಾರೆ. ಜನರ ಮಾತಿನಲ್ಲೇ ಜನರಿಗೆ ಶುಭಸಂದೇಶ ತಲುಪಬೇಕೆಂಬ ದಾರಿಯನ್ನು ಈ ಕೊಂಕಣಿ ಗುರುಗಳು ಹೀಗೆ ಹಾಕಿಕೊಟ್ಟರು.

1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ, ಜೋಸೆಫ್ ವಾಜ್ ಕ್ಯಾಂಡಿಯಲ್ಲಿ ತೀರಿಕೊಂಡರು. ಶ್ರೀಲಂಕೆಗೆ ಹೋದ ಮೇಲೆ 24 ವರ್ಷದಲ್ಲಿ ಒಮ್ಮೆಯೂ ಊರಿಗೆ ಮರಳಲಿಲ್ಲ. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲ್ ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಅದೇ ಕೊಲಂಬೊದಲ್ಲಿ ಸಂತ ಪದವಿಗೇರಿಸಿ, ಅದೇ ದಿನ ತಮಿಳರೂ ಸಿಂಹಳೀಯರೂ ಒಟ್ಟಿಗೆ ಪ್ರಾರ್ಥಿಸುವ ಮಡು ಮಾತೆಯ ಪುಣ್ಯಕ್ಷೇತ್ರಕ್ಕೆ ಹೋದರು. ದೀರ್ಘ ಅಂತರ್ಯುದ್ಧದಲ್ಲಿ ಒಡೆದುಹೋಗಿದ್ದ ದೇಶಕ್ಕೆ, ಎರಡೂ ಭಾಷೆ ಕಲಿತು ಎರಡೂ ಜನರಿಗೆ ಸೇವೆ ಮಾಡಿದ ಹೊರನಾಡಿನವರೊಬ್ಬರು ಮೊದಲ ಸಂತರಾದರು.

ನಮಗೆ

ಗೋವಾದಲ್ಲಿ ಬಾಳುವ ಕನ್ನಡಿಗರಿಗೆ ಘಾಟಿ ಎಂಬ ಮಾತು ಹೊಸದಲ್ಲ. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ, ಬಾಡಿಗೆ ಮನೆ ಹುಡುಕುವಾಗ ನಮ್ಮಲ್ಲಿ ಅನೇಕರು ಕೇಳಿದ್ದೇವೆ, ನೊಂದಿದ್ದೇವೆ. ಆ ನೋವು ಸುಳ್ಳಲ್ಲ. ಆದರೆ ಈ ನಾಡಿನ ಪಾಲಕ ಸಂತರು ಪರನಾಡಿನಲ್ಲಿ ಕೂಲಿಯಂತೆ ಬಾಳಿ, ಗೂಢಚಾರ ಎನಿಸಿಕೊಂಡು ಸೆರೆ ಕಂಡವರು. ಸಾಂಕ್ವಾಳದ ಆ ಗೋಡೆಯ ಮುಂದೆ ನಿಂತಾಗ ನಾವು ಪರಕೀಯರೆಂದು ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ಪಾಡನ್ನು ಅವರು ಬಲ್ಲರು.

ಅವರು ನಮ್ಮನ್ನೂ ಒಂದು ಪ್ರಶ್ನೆ ಕೇಳುತ್ತಾರೆ. ನಮ್ಮ ಬಸ್ತಿಗಳಿಗೆ ಈಗ ಒಡಿಶಾದಿಂದ, ಜಾರ್ಖಂಡಿನಿಂದ ಹೊಸಬರು ಬರುತ್ತಿದ್ದಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಅವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಮದುವೆಯ ಮಾತು ಬಂದಾಗ ಧರ್ಮ ಒಂದೇ ಆದರೂ ಹಿಂದಿನ ಜಾತಿ ಯಾವುದೆಂದು ನಮ್ಮಲ್ಲಿ ವಿಚಾರಿಸುವುದಿಲ್ಲವೇ? ಹಳೆ ಗೋವಾದ ಗುಡ್ಡದ ಮೇಲಿನ ಆ ಮನೆಯ ಬಾಗಿಲು ನಮಗೂ ಒಂದು ಪಾಠ. ತಾನು ಹೊರಗೆ ನಿಂತು ನೊಂದವನು ಇನ್ನೊಬ್ಬನಿಗೆ ಬಾಗಿಲು ತೆರೆಯುತ್ತಾನೆಂಬ ಖಾತರಿಯಿಲ್ಲ. ಅದನ್ನು ಬೇಕೆಂದೇ ಮಾಡಬೇಕಾಗುತ್ತದೆ.

ಮಾಡುವ ಕೆಲಸ ದೊಡ್ಡದೇನಲ್ಲ. ವಾಜರು ಮೊದಲು ಭಾಷೆ ಕಲಿತರು, ಆಮೇಲೆ ರೋಗಿಯ ಪಕ್ಕ ಕೂತರು. ಕೊಂಕಣಿ ಪೂಜೆಯಲ್ಲಿ ಉತ್ತರ ಹೇಳುವಷ್ಟು ಕೊಂಕಣಿ ನಮ್ಮ ಯುವಜನರು ಕಲಿಯಬಹುದು. ಕನ್ನಡ ಗೊತ್ತಿಲ್ಲದ ಪಕ್ಕದ ಮನೆಯವರನ್ನು ನಮ್ಮ ಹಬ್ಬದ ಊಟಕ್ಕೆ ಕರೆಯಬಹುದು. ನಮ್ಮ ವಠಾರದಲ್ಲಿ ಜ್ವರ ಬಂದು ಒಂಟಿಯಾಗಿ ಮಲಗಿರುವ ಹೊಸ ಹುಡುಗನಿಗೆ, ಅವನು ಯಾವ ರಾಜ್ಯದವನೆಂದು ಕೇಳುವ ಮೊದಲು, ಒಂದು ಲೋಟ ಗಂಜಿ ಕೊಂಡೊಯ್ಯಬಹುದು. ಜಾಫ್ನಾದ ಆ ತಾಯಿ ಮಾಡಿದ್ದು ಅಷ್ಟೇ. ಅವರ ಹೆಸರು ಯಾವ ಪುಸ್ತಕದಲ್ಲೂ ನಮಗೆ ಸಿಗುವುದಿಲ್ಲ, ಆದರೆ ಅವರ ಗಂಜಿಯಿಂದ ಒಬ್ಬ ಸಂತ ಬದುಕಿದರು.

ಸಂತ ಜೋಸೆಫ್ ವಾಜರೇ, ಗೋವಾದವರಿಗಾಗಿಯೂ ಗೋವಾಕ್ಕೆ ಬಂದ ನಮಗಾಗಿಯೂ ಪ್ರಾರ್ಥಿಸಿರಿ.